ಹುತ್ತದಿಂದ ಒಲೆಯವರೆಗೆ: ಅಣಬೆಯ ಅಡುಗೆಯ ಒಂದು ಚರಿತ್ರೆ

ಮುಂಬಯಿಯಲ್ಲಿ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಭಾನುವಾರ ನಮ್ಮ ಬಳಗದ ತಿಂಗಳ ಕೂಟವು ಸದಸ್ಯರೊಬ್ಬರ ಮನೆಯಲ್ಲಿ ಸೇರಿತ್ತು. ಓದು, ಚರ್ಚೆ ಮುಗಿದು ಊಟಕ್ಕೆ ಕುಳಿತಾಗ ಅಣಬೆಯ ಎರಡು ಪದಾರ್ಥಗಳು ಬಂದವು. ಮೊದಲನೆಯದು ಅಂಗಡಿಯ ಪೊಟ್ಟಣದಿಂದ ತೆಗೆದ ಬಿಳಿಯ ಬಟನ್ ಅಣಬೆಯ ಪಲ್ಯ. ಎರಡನೆಯದು ಕಾಡಿನ ಅಣಬೆಯ ಗಸಿ; ರೈಲು ನಿಲ್ದಾಣದ ಹೊರಗೆ ಪಾಲ್ಘರ್ ಕಡೆಯ ಆದಿವಾಸಿ ಹೆಂಗಸೊಬ್ಬರು ಎಲೆಯ ಮೇಲೆ ಹರವಿಕೊಂಡು ಮಾರುತ್ತಿದ್ದುದನ್ನು ಕೊಂಡು ತಂದದ್ದು. ಆತಿಥೇಯರು ದಕ್ಷಿಣ ಕನ್ನಡದವರು. ಕೊತ್ತಂಬರಿ, ಒಣಮೆಣಸು, ತೆಂಗಿನತುರಿ ಹುರಿದು ರುಬ್ಬಿದ ಮಸಾಲೆಯ ಪರಿಮಳ ಚರ್ಚೆಯ ನಡುವೆಯೇ ನಮ್ಮನ್ನು ತಲುಪಿತ್ತು.

ಪಲ್ಯದ ಪಾತ್ರೆಗೆ ಎಲ್ಲರೂ ಸೌಟು ಹಾಕಿದರು. ಗಸಿಯ ಪಾತ್ರೆ ಬಂದಾಗ ಅರ್ಧದಷ್ಟು ಮಂದಿ ಹಿಂಜರಿದರು. ಕೆಲವರಿಗೆ ವಿಷದ ಭಯವಿತ್ತು. ಇನ್ನು ಕೆಲವರ ಹಿಂಜರಿಕೆ ಭಯಕ್ಕಿಂತ ಹಳೆಯದಾಗಿತ್ತು. ಹಿರಿಯರೊಬ್ಬರು ಮೆಲ್ಲಗೆ ‘ನಮ್ಮಲ್ಲಿ ಇದನ್ನು ತಿನ್ನುವುದಿಲ್ಲ’ ಎಂದರು. ಅವರ ತಟ್ಟೆಯಲ್ಲಿ ಅದಾಗಲೇ ಬಟನ್ ಅಣಬೆಯ ಪಲ್ಯವಿತ್ತು. ಆ ಮಾತನ್ನು ಯಾರೂ ಚುಚ್ಚುಮಾತಾಗಿ ಹಿಂದಿರುಗಿಸಲಿಲ್ಲ. ಆದರೆ ಮನೆಗೆ ಹಿಂತಿರುಗಿದ ಮೇಲೂ ಅದು ನಮ್ಮನ್ನು ಬಿಡಲಿಲ್ಲ. ಒಂದೇ ಜೀವವರ್ಗದ ಎರಡು ವಸ್ತುಗಳಲ್ಲಿ ಒಂದು ಆಹಾರವಾಗಿ, ಇನ್ನೊಂದು ಹೊರಗಿನದಾಗಿ ಯಾವಾಗ ಬೇರೆಯಾದವು? ಈ ಬರಹ ಆ ಪ್ರಶ್ನೆಯ ಹಿಂದೆ ಹೋದ ನಮ್ಮ ಓದಿನ ಫಲ.

ಅಂದಿನ ಊಟದಲ್ಲಿಯೇ ಮಾತು ಹೆಸರುಗಳತ್ತ ಹೊರಳಿತ್ತು. ಮಂಡ್ಯದ ಕಡೆಯವರು ಅಣಬೆ ಎಂದರು. ಕರಾವಳಿಯವರು ಅಳಂಬೆ ಎಂದರು. ತುಳುವಿನಲ್ಲಿ ಅದು ಲಾಂಬು. ಕೊಡಗಿನವರು ಕುಮ್ಮು ಎಂದರು. ನಾಯಿಕೊಡೆ ಎಂಬ ಮಾತು ಎಲ್ಲರಿಗೂ ಗೊತ್ತಿತ್ತು, ಆದರೆ ಉಣ್ಣುವ ವಸ್ತುವಿನ ಹೆಸರಾಗಿ ಅದನ್ನು ಯಾರೂ ಹೇಳಲಿಲ್ಲ. ನಾವು ನೆಲೆಸಿದ ಊರುಗಳ ಮಾತುಗಳನ್ನೂ ಸೇರಿಸುತ್ತ ಹೋದೆವು. ಮರಾಠಿಯ ಅಳಂಬಿ ಮತ್ತು ಕೊಂಕಣಿಯ ಅಳ್ಮಿ ನಮ್ಮ ಅಳಂಬೆಯ ಒಡಹುಟ್ಟುಗಳಂತೆ ಕೇಳಿಸುತ್ತವೆ. ಹೈದರಾಬಾದಿನಲ್ಲಿರುವವರು ಪುಟ್ಟಗೊಡುಗು ಎಂಬ ತೆಲುಗು ಮಾತನ್ನು ತಂದರು: ಹುತ್ತದ ಕೊಡೆ. ಬಂಗಾಳಿಯಲ್ಲಿ ಇದು ಕಪ್ಪೆಯ ಕೊಡೆ. ದೆಹಲಿಯವರು ನೆನಪಿಸಿದ ಹಿಂದಿಯ ಕುಕುರಮುತ್ತಾ ಎಂಬ ಪದದಲ್ಲಿ ನಾಯಿಯ ಮೂತ್ರದ ಸುಳಿವಿದೆ. ಸಂಸ್ಕೃತದ ಛತ್ರಾಕ ಬರಿಯ ಕೊಡೆ. ಪಾಲಿಯ ಅಹಿಚ್ಛತ್ತಕ ಹಾವಿನ ಕೊಡೆ.

ಈ ಹೆಸರುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ನಮ್ಮ ಕಾವ್ಯಗಳಲ್ಲಿ ಕೊಡೆ ಅರಸನದು. ಬೆಳ್ಗೊಡೆಯು ಪ್ರಭುತ್ವದ ಗುರುತು. ನೆಲದಿಂದ ತಾನಾಗಿ ಎದ್ದ ಈ ಬೆಳ್ಗೊಡೆಯ ಕೆಳಗೆ ಜನ ನಿಲ್ಲಿಸಿದ್ದು ನಾಯಿಯನ್ನು, ಕಪ್ಪೆಯನ್ನು, ಹಾವನ್ನು. ಹೆಸರಿನಲ್ಲಿ ನಗೆಯೂ ಇದೆ, ತಾತ್ಸಾರವೂ ಇದೆ. ಅದೇ ಹೊತ್ತಿಗೆ ಪುಟ್ಟಗೊಡುಗು ಎಂಬಂಥ ಹೆಸರು ತಾತ್ಸಾರವಿಲ್ಲದೆ ಅದು ಎಲ್ಲಿ ಸಿಗುತ್ತದೆ ಎಂಬ ವಿಳಾಸವನ್ನು ಹೇಳುತ್ತದೆ. ಹುಡುಕಿ ತಿಂದವರು ಇಟ್ಟ ಹೆಸರಿಗೂ ದೂರದಿಂದ ಕಂಡವರು ಇಟ್ಟ ಹೆಸರಿಗೂ ಇರುವ ಅಂತರ ಇದು ಎಂದು ನಮಗೆ ತೋರುತ್ತದೆ.

ಹಳೆಯ ಗ್ರಂಥಗಳಲ್ಲಿಯೂ ಇದೇ ಎರಡು ದೃಷ್ಟಿಗಳಿವೆ. ಮನುಸ್ಮೃತಿಯ ಐದನೆಯ ಅಧ್ಯಾಯವು ದ್ವಿಜರು ತಿನ್ನಬಾರದ ವಸ್ತುಗಳನ್ನು ಎಣಿಸುವಾಗ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಯಲ್ಲಿ ಕವಕವನ್ನು, ಅಂದರೆ ಅಣಬೆಯನ್ನು, ಹೇಳಿ, ಅಶುದ್ಧವಾದ ಸ್ಥಳದಲ್ಲಿ ಹುಟ್ಟಿದ ಎಲ್ಲವನ್ನೂ ಅದೇ ಸಾಲಿಗೆ ಸೇರಿಸುತ್ತದೆ. ಮುಂದೆ ಅದೇ ಅಧ್ಯಾಯದಲ್ಲಿ ಛತ್ರಾಕವನ್ನು ತಿಳಿದು ತಿಂದ ದ್ವಿಜನು ಪತಿತನಾಗುತ್ತಾನೆ ಎಂಬ ಮಾತು ಬರುತ್ತದೆ. ಇಲ್ಲಿ ಮುಖ್ಯವಾದದ್ದು ವಸ್ತುವಿಗಿಂತ ಅದು ಹುಟ್ಟಿದ ನೆಲ. ನಿಷೇಧವೊಂದು ಬರೆಯಲ್ಪಟ್ಟಿದೆ ಎಂದರೆ ಅದನ್ನು ತಿನ್ನುವವರು ಸುತ್ತಲೂ ಇದ್ದರು ಎಂದೂ ಅರ್ಥ. ಯಾರೂ ಮುಟ್ಟದ ವಸ್ತುವನ್ನು ಯಾರೂ ನಿಷೇಧಿಸುವುದಿಲ್ಲ.

ವೈದ್ಯಗ್ರಂಥಗಳು ಅದೇ ನೆಲವನ್ನು ಬೇರೆ ಕಣ್ಣಿನಿಂದ ನೋಡಿದವು. ಸುಶ್ರುತಸಂಹಿತೆಯ ಸೂತ್ರಸ್ಥಾನದ 46ನೆಯ ಅಧ್ಯಾಯವು ಆಹಾರದ್ರವ್ಯಗಳನ್ನು ವಿವರಿಸುವಾಗ ಅಣಬೆಗಳನ್ನು ಅವು ಹುಟ್ಟುವ ಜಾಗಕ್ಕೆ ತಕ್ಕಂತೆ ಐದಾಗಿ ವಿಂಗಡಿಸುತ್ತದೆ: ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸೆಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು. ಒಂದೊಂದರ ರುಚಿ ಏನು, ಅದು ದೇಹದಲ್ಲಿ ಏನು ಮಾಡುತ್ತದೆ ಎಂಬುದನ್ನು ಬೇರೆ ಬೇರೆಯಾಗಿ ಹೇಳುತ್ತದೆ. ಹುಲ್ಲಿನ ಅಣಬೆ ಸಿಹಿ, ದೋಷಗಳನ್ನು ಶಮನ ಮಾಡುವಂಥದು. ನೆಲದ ಅಣಬೆಯ ರುಚಿ ಆ ನೆಲವನ್ನೇ ಅನುಸರಿಸುತ್ತದೆ. ಚರಕಸಂಹಿತೆಯು ಸರ್ಪಚ್ಛತ್ರಕ ಎಂಬ ಒಂದು ಬಗೆಯನ್ನು ಮಾತ್ರ ಹೊರಗಿಟ್ಟು, ಉಳಿದ ಅನೇಕ ಕೊಡೆಗಳು ಸಿಹಿಯೂ ಶೀತವೂ ಜೀರ್ಣಕ್ಕೆ ಭಾರವೂ ಆದವು ಎನ್ನುತ್ತದೆ. ಧರ್ಮಶಾಸ್ತ್ರವು ನೆಲವನ್ನು ಕಂಡು ಬಾಗಿಲು ಮುಚ್ಚಿದರೆ, ವೈದ್ಯಶಾಸ್ತ್ರವು ‘ಯಾವ ನೆಲ?’ ಎಂದು ಕೇಳಿತು. ಮಳೆಗಾಲದ ಬೆಳಗ್ಗೆ ಮಗು ಕಿತ್ತು ತಂದ ಅಣಬೆಯನ್ನು ಕಂಡು ಹಳ್ಳಿಯ ಅಜ್ಜಿ ಕೇಳುವ ಮೊದಲ ಪ್ರಶ್ನೆಯೂ ಅದೇ: ‘ಎಲ್ಲಿತ್ತೋ ಇದು?’

ಬುದ್ಧನ ಕೊನೆಯ ಊಟದ ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಪಾವಾ ಎಂಬ ಊರಿನಲ್ಲಿ ಲೋಹದ ಕೆಲಸಗಾರನಾದ ಚುಂದನು ಬಡಿಸಿದ ಆ ಪದಾರ್ಥದ ಹೆಸರು ಸೂಕರಮದ್ದವ. ಅದು ಹಂದಿಯ ಎಳೆಯ ಮಾಂಸವೆಂದು ಒಂದು ಅರ್ಥ. ಉದಾನ ಎಂಬ ಪಾಲಿ ಗ್ರಂಥದ ಅಟ್ಠಕಥೆಯು ಬೇರೆಯವರ ಅಭಿಪ್ರಾಯಗಳನ್ನೂ ದಾಖಲಿಸುತ್ತದೆ. ಅವುಗಳಲ್ಲಿ ಒಂದು, ಹಂದಿಗಳು ತುಳಿದ ನೆಲದಲ್ಲಿ ಹುಟ್ಟಿದ ಅಹಿಚ್ಛತ್ತಕ, ಅಂದರೆ ಅಣಬೆ. ಯಾವ ಅರ್ಥ ಸರಿ ಎಂಬ ವಾದ ಇಂದಿಗೂ ಮುಗಿದಿಲ್ಲ. ನಮಗೆ ಮುಖ್ಯವೆನಿಸುವುದು ಬೇರೆ. ಕುಶಲಕರ್ಮಿಯೊಬ್ಬನು ಪೂಜ್ಯನಾದ ಅತಿಥಿಗೆ ಅಣಬೆಯನ್ನು ಬಡಿಸಿದ್ದಿರಬಹುದು ಎಂಬ ಊಹೆ ಆ ಕಾಲದ ವ್ಯಾಖ್ಯಾನಕಾರರಿಗೆ ಅಸಂಭವವೆನಿಸಲಿಲ್ಲ. ಆ ಊಟದ ಬಳಿಕ ಕಾಯಿಲೆ ಬಿದ್ದ ಬುದ್ಧನು, ಚುಂದನು ಪಶ್ಚಾತ್ತಾಪ ಪಡದಂತೆ ನೋಡಿಕೊಳ್ಳಬೇಕೆಂದು ಆನಂದನಿಗೆ ಹೇಳಿದನೆಂದು ಮಹಾಪರಿನಿಬ್ಬಾಣ ಸುತ್ತ ತಿಳಿಸುತ್ತದೆ. ಅಡುಗೆ ಮಾಡಿ ಬಡಿಸಿದವನ ಮೇಲೆ ಮೈಲಿಗೆಯನ್ನೂ ಅಪರಾಧವನ್ನೂ ಹೊರಿಸದ ಈ ಮಾತು ಅಣಬೆಯ ಚರಿತ್ರೆಯಲ್ಲಿ ಒಂದು ಮುಖ್ಯ ನೆನಪು.

ತಮಿಳಿನ ಸಂಗಂ ಕಾವ್ಯಗಳಲ್ಲಿ ಅಣಬೆ ಅಡುಗೆಮನೆಯೊಳಗೇ ಕಾಣಿಸಿಕೊಳ್ಳುತ್ತದೆ, ಆದರೆ ಬೇರೆಯೇ ಅರ್ಥದಲ್ಲಿ. ಪುರನಾನೂರಿನ 164ನೆಯ ಪದ್ಯದಲ್ಲಿ ಬಡಕವಿಯು ತನ್ನ ಮನೆಯ ಸ್ಥಿತಿಯನ್ನು ಅರಸನಾದ ಕುಮಣನಿಗೆ ಹೇಳುವಾಗ, ಅಡುಗೆಯನ್ನೇ ಮರೆತ ಒಲೆಯಲ್ಲಿ ಅಣಬೆ ಎದ್ದಿದೆ ಎನ್ನುತ್ತಾನೆ. ಬೆಂಕಿ ಕಾಣದ ಒಲೆ, ತೇವ ಆರದ ಬೂದಿ, ಅದರ ಮೇಲೆ ಅಣಬೆ. ಚೆನ್ನೈಯ ಗೆಳೆಯರೊಬ್ಬರು ಈ ಪದ್ಯವನ್ನು ನಮಗೆ ವಿವರಿಸಿದಾಗ ಕೂಟದಲ್ಲಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಹಸಿವಿನ ಗುರುತಾಗಿ ಒಲೆಯಲ್ಲಿ ಎದ್ದ ಇದೇ ಜೀವವು, ಹೊರಗಿನ ಹುತ್ತದಲ್ಲಿ ಎದ್ದಾಗ ಹಸಿವನ್ನು ನೀಗುವ ಆಹಾರವೂ ಆಗಿತ್ತು.

ಆ ಹೊರಗಿನ ಅಣಬೆಗೆ ಈಗ ಬರೋಣ. ಕನ್ನಡ ನಾಡಿನ ಊಟದಲ್ಲಿ ಹೆಚ್ಚು ಪ್ರೀತಿ ಗಳಿಸಿದ ಕಾಡಣಬೆಗಳಲ್ಲಿ ಮೊದಲಿನವು ಹುತ್ತದ ಅಣಬೆಗಳು. ಗೆದ್ದಲುಗಳು ಹುತ್ತದೊಳಗೆ ಸಸ್ಯದ ಚೂರುಗಳಿಂದ ಜೇನುಹಟ್ಟಿಯಂಥ ಗೂಡು ಕಟ್ಟಿ, ಅದರ ಮೇಲೆ ಶಿಲೀಂಧ್ರವನ್ನು ಬೆಳೆಸಿ ತಿನ್ನುತ್ತವೆ. ಸುಮಾರು 3 ಕೋಟಿ ವರ್ಷಗಳಿಂದ ನಡೆದು ಬಂದ ಬೇಸಾಯವಿದು. ಮನುಷ್ಯನ ಬೇಸಾಯ ಇದರ ಮುಂದೆ ನಿನ್ನೆಯದು. ಮಳೆ ನೆಲವನ್ನು ಚೆನ್ನಾಗಿ ನೆನೆಸಿದಾಗ ಆ ಶಿಲೀಂಧ್ರವು ಉದ್ದನೆಯ ಬೇರಿನಂಥ ಕಾಂಡವನ್ನು ಮೇಲಕ್ಕೆ ನೂಕಿ ಕೊಡೆ ಬಿಚ್ಚುತ್ತದೆ. ವೈದ್ಯನಾಗಿ ತರಂಗಂಬಾಡಿಗೆ ಬಂದಿದ್ದ ಯೋಹಾನ್ ಗೆರ್ಹಾರ್ಡ್ ಕೋನಿಗ್ ಎಂಬ ಸಸ್ಯವಿಜ್ಞಾನಿಯು 1779ರಲ್ಲಿ ಪ್ರಕಟಿಸಿದ ಗೆದ್ದಲುಗಳ ಕುರಿತ ಬರಹದಲ್ಲಿ ಈ ನಂಟಿನ ಪ್ರಸ್ತಾಪವಿದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ವಿಜ್ಞಾನವು ಹೀಗೆ ನಿಧಾನವಾಗಿ ತಲುಪಿದ ಸಂಗತಿಯನ್ನು ಹುತ್ತದ ಕೊಡೆ ಎಂಬ ತೆಲುಗು ಹೆಸರು ಮೊದಲೇ ಹೇಳಿಬಿಟ್ಟಿತ್ತು.

ಈ ಅಣಬೆಯ ಅಡುಗೆ ಹುಡುಕಾಟದಿಂದಲೇ ತೊಡಗುತ್ತದೆ. ಗುಡುಗು ಸಿಡಿಲಿನ ರಾತ್ರಿ ಕಳೆದ ಮೇಲೆ ಅಣಬೆ ಏಳುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕ. ನಸುಕಿನಲ್ಲೇ ಹೊರಡಬೇಕು, ಬಿಸಿಲೇರಿದರೆ ಕೊಡೆ ಪೂರ್ತಿ ಬಿಚ್ಚಿ ಹುಳು ಹತ್ತುತ್ತದೆ. ಬಳಗದ ಸದಸ್ಯೆಯೊಬ್ಬರು ತಮ್ಮ ಅಜ್ಜಿಯ ವಿಷಯ ಹೇಳಿದರು: ಕೂಲಿಗೆ ಹೋಗುವ ಮೊದಲು ಅಜ್ಜಿ ಗುಡ್ಡ ಸುತ್ತಿ ಬರುತ್ತಿದ್ದರು; ಯಾವ ಹುತ್ತ ಯಾವ ನಕ್ಷತ್ರದ ಮಳೆಗೆ ಅಣಬೆ ಕೊಡುತ್ತದೆ ಎಂಬುದನ್ನು ಮಗಳಿಗಲ್ಲದೆ ನೆರೆಯವರಿಗೆ ಹೇಳುತ್ತಿರಲಿಲ್ಲ. ತಂದ ಅಣಬೆಯ ಬುಡದ ಮಣ್ಣನ್ನು ಚಾಕುವಿನಿಂದ ಹೆರೆದು, ಅರಿಸಿನ ಹಾಕಿದ ನೀರಿನಲ್ಲಿ ಜಾಲಿಸಿ, ದೊಡ್ಡ ಕೊಡೆಗಳನ್ನು ಕೈಯಿಂದಲೇ ಸೀಳುತ್ತಿದ್ದರು. ಹಳೆಯ ಮೈಸೂರಿನ ಕಡೆ ಅದು ಮಸಾಲೆ ಅರೆದ ಅಣಬೆ ಸಾರಾಗಿ ರಾಗಿಮುದ್ದೆಯ ಜೊತೆಗೆ ಬರುತ್ತದೆ. ಕರಾವಳಿಯಲ್ಲಿ ಗಸಿ ಅಥವಾ ಸುಕ್ಕವಾಗುತ್ತದೆ. ಕೊಡಗಿನಲ್ಲಿ ಕುಮ್ಮು ಕರಿ, ಗೋವೆಯಲ್ಲಿ ತೊಣಾಕ್.

ಕರಾವಳಿ ಮತ್ತು ಮಲೆನಾಡಿನ ಇನ್ನೊಂದು ಬಗೆ ಕಲ್ಲಣಬೆ, ತುಳುವಿನ ಕಲ್ಲಲಾಂಬು. ಗೋಲಿಯಂತೆ ದುಂಡಗೆ ಮಣ್ಣಿನೊಳಗೆ ಅಡಗಿರುವ ಇದಕ್ಕೆ ಕೊಡೆಯೇ ಇಲ್ಲ. ಕೆಲವು ಮರಗಳ ಬೇರಿನೊಡನೆ ಕೊಡುಕೊಳ್ಳುತ್ತ ಬದುಕುವ ಇದನ್ನು ಮುಂಗಾರಿನ ಮೊದಲ ವಾರಗಳಲ್ಲಿ ಕೆದಕಿ ತೆಗೆಯುತ್ತಾರೆ. ನೀರಿನಲ್ಲಿ ಹಲವು ಸಲ ತಿಕ್ಕಿ ತೊಳೆದು, ಎರಡು ಹೋಳು ಮಾಡಿ, ಒಳಗೆ ಬೆಳ್ಳಗಿರುವುದನ್ನು ಇಟ್ಟುಕೊಂಡು ಕಪ್ಪಾದುದನ್ನು ಎಸೆದು, ಕಾಯಿಮಸಾಲೆಯಲ್ಲಿ ಬೇಯಿಸುತ್ತಾರೆ. ಹಲ್ಲಿಗೆ ಸಿಕ್ಕಾಗ ಟಪ್ಪೆಂದು ಒಡೆಯುವ ಅದರ ರುಚಿಗೆ ಊರು ಬಿಟ್ಟವರು ಮಳೆಗಾಲ ಬಂದಾಗಲೆಲ್ಲ ಹಂಬಲಿಸುತ್ತಾರೆ.

ಈ ಎಲ್ಲ ಅಡುಗೆಗಳಿಗೂ ಒಂದು ಸಮಾನ ಗುಣವಿದೆ: ಮಸಾಲೆ ಮಾಂಸದ ಸಾರಿನದು. ಇದಕ್ಕೆ ಕಾರಣ ಅಣಬೆಯ ದೇಹರಚನೆಯಲ್ಲಿಯೇ ಇದೆ. ತರಕಾರಿಯ ಕೋಶಭಿತ್ತಿ ಬೇಯಿಸಿದಷ್ಟೂ ಮೆತ್ತಗಾಗಿ ಕರಗುತ್ತದೆ. ಅಣಬೆಯ ಕೋಶಭಿತ್ತಿಯಲ್ಲಿರುವುದು ಕೈಟಿನ್, ಸೀಗಡಿಯ ಚಿಪ್ಪಿನಲ್ಲಿರುವ ವಸ್ತುವೇ. ಅದು ಎಷ್ಟು ಬೆಂದರೂ ತನ್ನ ಬಿಗಿಯನ್ನು ಬಿಡುವುದಿಲ್ಲ. ಜೊತೆಗೆ ಅಣಬೆಯಲ್ಲಿ ಮಾಂಸದ ರುಚಿಯನ್ನು ನೆನಪಿಸುವ ಗ್ಲುಟಮೇಟ್ ಹೇರಳವಾಗಿದೆ. ಮಾಂಸ ಕೊಳ್ಳಲಾಗದ ಮನೆಗೆ ಇದು ಮಳೆ ಕೊಟ್ಟ ಬಾಡೂಟ. ಶ್ರಾವಣದಲ್ಲಿ ಮಾಂಸ ಬಿಡುವ ಮನೆಗೆ ವ್ರತ ಕೆಡಿಸದ ರುಚಿ. ಮಾಂಸವನ್ನು ನೆನಪಿಸುವ ಈ ಗುಣವೇ ಇನ್ನೊಂದು ಬಗೆಯ ಮನೆಗಳಲ್ಲಿ ಅದನ್ನು ದೂರವಿಡಲು ಸಾಕಾಯಿತು. ಕೂಲಿಯವರ ಒಲೆಯ ಮೇಲೆ ಬೇಯುವ ಅಣಬೆಯ ವಾಸನೆಯೂ ತಿನ್ನುವವರ ಜಾತಿಯೂ ಒಂದಾಗಿ ಹೆಣೆದುಕೊಂಡವು. ಅಜ್ಜಿಯ ಕಥೆ ಹೇಳಿದ ಆ ಸದಸ್ಯೆ ಕಾಲೇಜಿನ ದಿನಗಳಲ್ಲಿ ವಿದ್ಯಾರ್ಥಿನಿಲಯದಲ್ಲಿ ಅಣಬೆ ಸಾರಿನ ಮಾತೆತ್ತಿ ಗೆಳತಿಯರಿಂದ ‘ನಾಯಿಕೊಡೆ ತಿನ್ನುವವಳು’ ಎಂಬ ಬಿರುದು ಪಡೆದರಂತೆ. ಅದೇ ಗೆಳತಿಯರಲ್ಲಿ ಒಬ್ಬರ ಮಗನ ಮದುವೆಯಲ್ಲಿ, ಇಪ್ಪತ್ತೈದು ವರ್ಷಗಳ ಬಳಿಕ, ಅವರ ಎಲೆಗೆ ಮೊದಲು ಬಿದ್ದದ್ದು ಮಶ್ರೂಮ್ ಮಂಚೂರಿಯಂತೆ.

ಆ ಇಪ್ಪತ್ತೈದು ವರ್ಷಗಳಲ್ಲಿ ಏನಾಯಿತು? ಉತ್ತರ ದೂರದ ಪ್ಯಾರಿಸಿನಿಂದ ಆರಂಭವಾಗುತ್ತದೆ. 17ನೆಯ ಶತಮಾನದಲ್ಲಿ ಅಲ್ಲಿಯ ತೋಟಗಾರರು ಕುದುರೆಲದ್ದಿಯ ಗೊಬ್ಬರದ ಪಾತಿಗಳಲ್ಲಿ ಅಣಬೆ ಬೆಳೆಯುವುದನ್ನು ಕಲಿತರು. ಹದಿನಾಲ್ಕನೆಯ ಲೂಯಿಯ ವರ್ಸೈ ತೋಟದಲ್ಲಿಯೂ ಅದು ಬೆಳೆಯಿತು. 1707ರಲ್ಲಿ ಸಸ್ಯವಿಜ್ಞಾನಿ ತೂರ್ನ್‌ಫೋರ್ ಈ ಬೇಸಾಯದ ವಿವರಗಳನ್ನು ಬರೆದರು. 19ನೆಯ ಶತಮಾನದಲ್ಲಿ ನಗರದ ಅಡಿಯ ಹಳೆಯ ಕಲ್ಲುಗಣಿಗಳು ಅಣಬೆಯ ತೋಟಗಳಾದವು. 1890ರ ದಶಕದಲ್ಲಿ ಪಾಶ್ಚರ್ ಸಂಸ್ಥೆಯಲ್ಲಿ ಶುದ್ಧವಾದ ಅಣಬೆ ಬೀಜ ತಯಾರಾಯಿತು. ಆಗಿನ ಆ ಅಣಬೆ ಬಹುಮಟ್ಟಿಗೆ ಕಂದು ಬಣ್ಣದ್ದು. ಇಂದು ನಾವು ಕಾಣುವ ಹಾಲುಬಿಳಿಯ ತಳಿ 1920ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ತೋಟವೊಂದರಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡದ್ದು. ಬಿಳುಪನ್ನು ಶುಚಿಯೆಂದು ನಂಬುವ ಲೋಕದಲ್ಲಿ ಅದು ಬೇಗ ಹರಡಿತು.

ಭಾರತದಲ್ಲಿ ಬಟನ್ ಅಣಬೆಯ ಬೇಸಾಯಕ್ಕೆ ನೆಲೆ ಸಿಕ್ಕಿದ್ದು 1961ರಲ್ಲಿ ಹಿಮಾಚಲದ ಸೋಲನ್‌ನಲ್ಲಿ ಆರಂಭವಾದ ಯೋಜನೆಯಿಂದ. ಅಲ್ಲಿ 1983ರಲ್ಲಿ ರಾಷ್ಟ್ರೀಯ ಅಣಬೆ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1997ರ ಸೆಪ್ಟೆಂಬರ್ 10ರಂದು ಸೋಲನ್ ಭಾರತದ ಅಣಬೆ ನಗರವೆಂದು ಘೋಷಿತವಾಯಿತು. ತಂಪು ಕೋಣೆಗಳು ಬಂದ ಮೇಲೆ ಬಯಲುಸೀಮೆಯ ಊರುಗಳಲ್ಲಿಯೂ ಇದನ್ನು ವರ್ಷವಿಡೀ ಬೆಳೆಯಲು ಸಾಧ್ಯವಾಯಿತು.

ದಕ್ಷಿಣದ ಕಥೆ ಹುಲ್ಲಿನದು. ಕೊಯಮತ್ತೂರಿನಲ್ಲಿ 1943ರಲ್ಲಿ ಕೆ. ಎಂ. ಥಾಮಸ್ ಮತ್ತು ಸಂಗಡಿಗರು ಭತ್ತದ ಹುಲ್ಲಿನ ಅಣಬೆಯ ಬೇಸಾಯದ ವಿವರಗಳನ್ನು ಪ್ರಕಟಿಸಿದರು. 1962ರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಝಕಿಯಾ ಬಾನೊ ಮತ್ತು ಎಚ್. ಸಿ. ಶ್ರೀವಾಸ್ತವ ಅವರು ಚಿಪ್ಪಣಬೆಯನ್ನು ಭತ್ತದ ಹುಲ್ಲಿನ ಮೇಲೆ ಬೆಳೆಯುವ ಕ್ರಮವನ್ನು ತೋರಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಮರದ ಬುಡಗಳ ಮೇಲೆ ಬೆಳೆಸಿದ್ದ ಅಣಬೆಯ ಬಳಗಕ್ಕೆ ನಮ್ಮ ಗದ್ದೆಯ ಹುಲ್ಲು ಸಾಕೆಂದು ತಿಳಿದದ್ದು ದೊಡ್ಡ ಸಂಗತಿ. ಹುಲ್ಲನ್ನು ನೆನೆಸಿ, ಬಿಸಿನೀರಿನಲ್ಲಿ ಹದಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಜೋಳದ ಕಾಳಿನ ಮೇಲೆ ಬೆಳೆದ ಅಣಬೆ ಬೀಜದೊಂದಿಗೆ ಪದರಪದರವಾಗಿ ತುಂಬಿದರೆ, ಮೂರು ನಾಲ್ಕು ವಾರಗಳಲ್ಲಿ ಸಾಮಾನ್ಯ ಮನೆಯ ಮೂಲೆಯಲ್ಲಿಯೂ ಬೆಳೆ ಬರುತ್ತದೆ. ಸುಶ್ರುತಸಂಹಿತೆ ಹೊಗಳಿದ ಹುಲ್ಲಿನ ಅಣಬೆಯನ್ನು ಮೈಸೂರಿನ ಪ್ರಯೋಗಾಲಯವು ಬೇರೊಂದು ರೂಪದಲ್ಲಿ ಮನೆಮನೆಗೆ ತಂದಿತು ಎನ್ನಬಹುದು.

ಹೀಗೆ ಅಣಬೆಗೆ ಪೊಟ್ಟಣ ಬಂತು, ತೂಕ ಬಂತು, ಬೆಲೆಯ ಚೀಟಿ ಬಂತು. ಸಸ್ಯಾಹಾರದ ಹೋಟೆಲುಗಳ ಪಟ್ಟಿಯಲ್ಲಿ ಅದಕ್ಕೆ ಮಶ್ರೂಮ್ ಮಸಾಲಾ ಎಂಬ ಹೆಸರು ಸಿಕ್ಕಿತು. ನಾಯಿಯೂ ಹಾವೂ ಹುತ್ತವೂ ಆ ಹೆಸರಿನಿಂದ ಕಾಣೆಯಾದವು. ಇಲ್ಲೊಂದು ವಿಚಿತ್ರವಿದೆ. ಅಶುದ್ಧ ನೆಲದಲ್ಲಿ ಹುಟ್ಟಿದ್ದು ಎಂಬ ಹಳೆಯ ಆಕ್ಷೇಪವನ್ನೇ ಅಳತೆಗೋಲಾಗಿ ಹಿಡಿದರೆ, ಅದು ಮೊದಲು ತಾಗಬೇಕಾದದ್ದು ಬಟನ್ ಅಣಬೆಗೆ. ಗೋಧಿಯ ಹುಲ್ಲಿಗೆ ಕೋಳಿಗೊಬ್ಬರ ಬೆರೆಸಿ, ಕೊಳೆಸಿ, ಹಬೆಯಲ್ಲಿ ಹದಗೊಳಿಸಿದ ಗೊಬ್ಬರದ ಮೇಲೆ ಅದು ಬೆಳೆಯುತ್ತದೆ. ಅದರಲ್ಲಿ ಹೇಸುವಂಥದು ಏನೂ ಇಲ್ಲ. ನಾವು ತಿನ್ನುವ ಸೊಪ್ಪೂ ಗೊಬ್ಬರದ್ದೇ ಫಲ. ಆದರೆ ಕೆಂಪು ಮಣ್ಣಿನ ಹುತ್ತದಿಂದ ಎದ್ದ ಅಣಬೆಯನ್ನು ಬಾಗಿಲ ಹೊರಗಿಟ್ಟು ಗೊಬ್ಬರದಿಂದ ಎದ್ದುದನ್ನು ಒಳಗೆ ಬಿಟ್ಟುಕೊಂಡಿರುವಾಗ, ಶುದ್ಧಿಯ ಮಾತು ನೆಲದ ಬಗ್ಗೆ ಇತ್ತೆಂದು ನಂಬುವುದು ಕಷ್ಟ. ಅದು ತಂದುಕೊಡುವ ಕೈಯ ಬಗ್ಗೆ ಇತ್ತು. ಪೊಟ್ಟಣವು ಆ ಕೈಯನ್ನು ಮರೆಮಾಡಿತು.

ದೆಹಲಿಯ ಗೆಳೆಯರು ಈ ಹಂತದಲ್ಲಿ ಹಿಂದಿಯ ನಿರಾಲಾ ಅವರ ‘ಕುಕುರಮುತ್ತಾ’ ಕವಿತೆಯನ್ನು ನೆನಪಿಸಿದರು. 1940ರ ದಶಕದ ಆರಂಭದ ಆ ಕವಿತೆಯಲ್ಲಿ ನವಾಬನ ತೋಟದ ಕುಕುರಮುತ್ತಾ ಅಲ್ಲಿಯ ಗುಲಾಬಿಯನ್ನು ಮುಖಕ್ಕೆ ಹೊಡೆದಂತೆ ಬೈಯುತ್ತದೆ. ಮುಂದೆ ನವಾಬನ ಮಗಳು ಮಾಲಿಯ ಮನೆಯಲ್ಲಿ ಅದರ ಅಡುಗೆ ತಿಂದು ಮೆಚ್ಚಿ ತಂದೆಗೆ ಹೇಳುತ್ತಾಳೆ. ನವಾಬನು ಅದನ್ನು ತರಿಸಲು ಆಜ್ಞಾಪಿಸುತ್ತಾನೆ. ತೋಟದಲ್ಲಿ ಅದು ಮುಗಿದಿದೆ ಎಂದು ತಿಳಿದಾಗ, ಗುಲಾಬಿಯ ಜಾಗದಲ್ಲಿ ಅದನ್ನೇ ಬೆಳೆಸು ಎನ್ನುತ್ತಾನೆ. ಕುಕುರಮುತ್ತಾ ಬೆಳೆಸಿದರೆ ಬೆಳೆಯುವಂಥದಲ್ಲ ಎಂದು ಮಾಲಿ ಉತ್ತರಿಸುತ್ತಾನೆ. ಬಟನ್ ಅಣಬೆಯ, ಚಿಪ್ಪಣಬೆಯ ಮಟ್ಟಿಗೆ ಮಾಲಿಯ ಮಾತನ್ನು ಸೋಲನ್ ಮತ್ತು ಮೈಸೂರು ಸುಳ್ಳಾಗಿಸಿವೆ. ಹುತ್ತದ ಅಣಬೆಯ ಮಟ್ಟಿಗೆ ಆ ಮಾತು ಇಂದಿಗೂ ನಿಜ. ಗೆದ್ದಲಿಲ್ಲದೆ ಅದನ್ನು ಮಾರುಕಟ್ಟೆಗೆ ಸಾಕಾಗುವಂತೆ ಬೆಳೆಯುವ ದಾರಿ ಇನ್ನೂ ತೆರೆದಿಲ್ಲ. ಅದು ಬೇಕೆಂದರೆ ಹುತ್ತ ಉಳಿಯಬೇಕು, ಹುತ್ತವನ್ನು ಬಲ್ಲವರು ಉಳಿಯಬೇಕು.

ಬಲ್ಲವರು ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ವಿಷದ ಅಣಬೆ ತಿಂದು 13 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟಗಳ ಕುಟುಂಬದವರು. ಅಂಥ ಕುಟುಂಬಗಳ ಪೂರ್ವಿಕರಲ್ಲಿ ಬಹಳ ಮಂದಿಯನ್ನು ಕಂಪನಿಯ ಆಳಾಗಿ ಮಧ್ಯಭಾರತದ ಕಾಡುಗಳ ಕಡೆಯಿಂದ ಒಯ್ಯಲಾಗಿತ್ತು. ಅಣಬೆಯ ತಿಳಿವು ಒಂದು ನೆಲಕ್ಕೆ ಸೇರಿದ್ದು. ಒಂದು ಕಾಡಿನಲ್ಲಿ ನಂಬಬಹುದಾದ ಗುರುತು ಇನ್ನೊಂದು ಕಾಡಿನಲ್ಲಿ ಮೋಸ ಮಾಡಬಹುದು. ಮಾರಕವಾದ ಅಮಟಾಕ್ಸಿನ್ ಎಂಬ ವಿಷವನ್ನು ಕುದಿಸುವುದೂ ಹುರಿಯುವುದೂ ನಾಶ ಮಾಡಲಾರವು. ತಿಂದ ಆರರಿಂದ ಹನ್ನೆರಡು ಗಂಟೆಗಳವರೆಗೆ, ಕೆಲವೊಮ್ಮೆ ಇನ್ನೂ ತಡವಾಗಿ, ವಾಂತಿಭೇದಿ ಆರಂಭವಾಗುತ್ತದೆ; ಅಷ್ಟರಲ್ಲಿ ವಿಷ ಯಕೃತ್ತನ್ನು ತಲುಪಿರುತ್ತದೆ. ಬೆಳ್ಳಿಯ ಚಮಚ ಕಪ್ಪಾದರೆ ವಿಷ, ಅರಿಸಿನದ ನೀರಿನ ಬಣ್ಣ ಬದಲಾದರೆ ವಿಷ, ಹುಳು ತಿಂದಿದ್ದರೆ ಕ್ಷೇಮ ಎಂಬ ಪರೀಕ್ಷೆಗಳಲ್ಲಿ ಯಾವುದನ್ನೂ ನಂಬುವಂತಿಲ್ಲ. ನಾವೂ ನೆಲ ಬಿಟ್ಟು ಬಂದವರು. ಪುಣೆಯ ಗುಡ್ಡದಲ್ಲೋ ದೆಹಲಿಯ ಉದ್ಯಾನದಲ್ಲೋ ಊರಿನ ಅಳಂಬೆಯಂತೆ ಕಂಡದ್ದನ್ನು ಕಿತ್ತು ತರುವ ಧೈರ್ಯವನ್ನು ನಾವು ಯಾರೂ ಮಾಡಬಾರದು.

ಪೊಟ್ಟಣದ ಅಣಬೆಗೂ ಊರಿನ ಅಡುಗೆಯ ವಿವೇಕ ಒದಗುತ್ತದೆ. ಅಣಬೆಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಸಣ್ಣ ಪಾತ್ರೆಯಲ್ಲಿ ಒತ್ತಿ ತುಂಬಿ ಸಣ್ಣ ಉರಿಯಲ್ಲಿಟ್ಟರೆ ಅದು ತನ್ನ ನೀರಿನಲ್ಲಿಯೇ ಬೆಂದು ಸಪ್ಪೆಯಾಗುತ್ತದೆ. ಅಗಲವಾದ ಬಾಣಲೆ, ದೊಡ್ಡ ಉರಿ, ನೀರು ಆರಿ ಅಂಚು ಕೆಂಪಾದ ಮೇಲೆ ಉಪ್ಪು: ಇಷ್ಟನ್ನು ಪಾಲಿಸಿದರೆ ಬಟನ್ ಅಣಬೆಗೂ ಗಸಿಯ ಮಸಾಲೆಯನ್ನು ತಾಳಿಕೊಳ್ಳುವ ಗಟ್ಟಿತನ ಬರುತ್ತದೆ. ಚಿಪ್ಪಣಬೆಯನ್ನು ಕತ್ತರಿಸದೆ ಅದರ ಗೆರೆಯುದ್ದಕ್ಕೆ ಕೈಯಿಂದ ಸೀಳಬೇಕು. ಆ ಅಜ್ಜಿ ಹುತ್ತದ ಅಣಬೆಯನ್ನು ಸೀಳುತ್ತಿದ್ದದ್ದೂ ಹೀಗೆಯೇ. ಮುಂದಿನ ಕೂಟದಲ್ಲಿ ಆ ಸದಸ್ಯೆ ಚಿಪ್ಪಣಬೆಯಿಂದ ಅಜ್ಜಿಯ ಸಾರನ್ನು ಮಾಡಿದರು. ರುಚಿ ಚೆನ್ನಾಗಿತ್ತು. ‘ಹುತ್ತದ ವಾಸನೆ ಒಂದು ಇಲ್ಲ’ ಎಂದು ಅವರೇ ಹೇಳಿದರು.

ಈಗ ನಮ್ಮ ಬಳಗದಲ್ಲಿ ಒಂದು ನೋಟುಪುಸ್ತಕ ಆರಂಭವಾಗಿದೆ. ಊರಿಗೆ ಹೋದವರು ಹಿರಿಯರನ್ನು ಕೇಳಿ ಬರೆದು ತರುತ್ತಾರೆ: ಅಣಬೆಯ ಹೆಸರು, ಅದು ಏಳುವ ನೆಲ, ಮಳೆಯ ನಕ್ಷತ್ರ, ಹುಡುಕಿ ತರುತ್ತಿದ್ದವರು ಯಾರು, ಅಡುಗೆಯ ಕ್ರಮ. ಹುಡುಕಿ ತರುತ್ತಿದ್ದವರು ಯಾರು ಎಂಬ ಕಲಮನ್ನು ಖಾಲಿ ಬಿಡುವಂತಿಲ್ಲ. ಇದನ್ನು ಓದುತ್ತಿರುವ ನೀವೂ ನಿಮ್ಮ ಮನೆಯ ಅಜ್ಜಿ, ಅತ್ತೆ, ಚಿಕ್ಕಮ್ಮಂದಿರನ್ನು ಕೇಳಿ. ತಿನ್ನುತ್ತಿರಲಿಲ್ಲ ಎಂಬುದೇ ಉತ್ತರವಾದರೆ ಅದನ್ನೂ ಕಾರಣದೊಡನೆ ಬರೆದು ಕಳುಹಿಸಿ. ಅದೂ ಚರಿತ್ರೆಯೇ.

ಅಂದು ‘ನಮ್ಮಲ್ಲಿ ತಿನ್ನುವುದಿಲ್ಲ’ ಎಂದ ಹಿರಿಯರು ಈ ಪುಸ್ತಕದ ಹೊಣೆಯನ್ನು ತಾವಾಗಿಯೇ ಹೊತ್ತಿದ್ದಾರೆ. ಅವರ ಅಕ್ಷರ ದುಂಡಗಿದೆ, ವಿಚಾರಣೆ ನಿಷ್ಠುರವಾಗಿದೆ. ತಮ್ಮ ಹುಟ್ಟೂರಿನ ಪುಟದಲ್ಲಿ, ತೋಟದ ಕೆಲಸಕ್ಕೆ ಬರುತ್ತಿದ್ದವರು ಮಳೆಗಾಲದಲ್ಲಿ ಅಣಬೆ ತರುತ್ತಿದ್ದರೆಂದೂ, ಅದನ್ನು ಹಿತ್ತಿಲ ಬೇಲಿಯಾಚೆಯೇ ಕಟ್ಟಿಡಬೇಕಾಗಿತ್ತೆಂದೂ ಅವರೇ ಬರೆದಿದ್ದಾರೆ. ಗಸಿಯನ್ನು ಅವರು ಇಂದಿಗೂ ತಿಂದಿಲ್ಲ. ತಿನ್ನಲೇಬೇಕೆಂದು ನಾವು ಯಾರೂ ಹೇಳಿಲ್ಲ.